ಅಪ್ಪನ ಟೇಪು, ನನ್ನ ಎತ್ತರ

ಪಿಯುಸಿಯ ಕೊನೆಯ ಪರೀಕ್ಷೆ ಬರೆದು ಲಕ್ಷ್ಮೇಶ್ವರದಿಂದ ಶಿಗ್ಲಿಯ ಬಸ್ಸು ಹತ್ತಿದ ದಿನ ಕಂಡಕ್ಟರು ನನ್ನ ಪಾಸು ನೋಡಲಿಲ್ಲ. ಎರಡು ವರ್ಷ ದಿನಾಲೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಮನುಷ್ಯ ಅಂದು ನನ್ನ ಮುಖ ನೋಡಿ, "ಮುಂದೇನಪಾ?" ಎಂದ.

"ಶಿಗ್ಲಿರಿ" ಎಂದೆ.

"ಅದು ಗೊತ್ತೈತಿ. ಪಿಯುಸಿ ಮುಗೀತಲ್ಲ, ಮುಂದೇನು?"

ಬಸ್ಸಿನಲ್ಲಿದ್ದ ಅರ್ಧ ಜನ ತಿರುಗಿ ನೋಡಿದರು. ಅವರಿಗೂ ತಿಳಿಯಬೇಕಿತ್ತು. ಹದಿನೆಂಟು ವರ್ಷ ನಾನು ಏನು ಮಾಡುತ್ತಿದ್ದೇನೆಂದು ಯಾರೂ ಕೇಳಿರಲಿಲ್ಲ; ಕೇಳದಿದ್ದದ್ದೇ ಒಳ್ಳೆಯದಾಗಿತ್ತು. ಆ ದಿನದಿಂದ ಇಡೀ ಊರು ನನ್ನ ಭವಿಷ್ಯವನ್ನು ಸರದಿಯ ಮೇಲೆ ಕಾಯತೊಡಗಿತು. ಮುಂಡರಗಿಯ ಸೋದರಮಾವ ದಿನಾ ಸಂಜೆ ಫೋನು ಮಾಡಿ, "ಐಟಿಐ ಮಾಡಲೇ, ಗಾಳಿ ಪಂಖಾದ ಕಂಪನ್ಯಾಗ ಹಚ್ಚತೇನಿ" ಅನ್ನುತ್ತಿದ್ದ. ನಮ್ಮ ಕಡೆ ಗುಡ್ಡದ ಮೇಲೆಲ್ಲ ಕರೆಂಟು ತೆಗೆಯಲು ನಿಂತಿರುವ ಆ ಪಂಖಾಗಳ ಪೈಕಿ ಒಂದರ ಕೆಳಗೆ ಅವನು ವಾಚ್‌ಮನ್. ಮಾತಾಡುವುದು ಮಾತ್ರ ಪಂಖಾ ತನ್ನ ಅಪ್ಪಣೆ ಕೇಳಿಯೇ ತಿರುಗುತ್ತದೆ ಎಂಬಂತೆ.

ಇವರೆಲ್ಲರ ಮಾತನ್ನು ಇಷ್ಟು ಸರಿಯಾಗಿ ಹೇಗೆ ನೆನಪಿಟ್ಟಿದ್ದೇನೆಂದರೆ, ನನ್ನ ಕಸುಬೇ ಅದು. ಯಾರ ಧ್ವನಿಯನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅದು ನನ್ನ ಗಂಟಲಿನಲ್ಲಿರುತ್ತದೆ. ಕಂಡಕ್ಟರ್, ಸೋದರಮಾವ, ಓಣಿಯ ಹಿರಿಯರು, ಎಲ್ಲರನ್ನೂ ಮಾಡಿ ತೋರಿಸಿದ್ದೇನೆ. ಕೆಲವರ ಕೈಯಲ್ಲಿ ಏಟು ತಿಂದೂ ಇದ್ದೇನೆ. ನನ್ನ ಸ್ವಂತ ಧ್ವನಿಯನ್ನು ಒಮ್ಮೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮುಚ್ಚಳ ಸಡಿಲಾದ ಕುಕ್ಕರಿನಂತಿತ್ತು. ಅಳಿಸಿ ಹಾಕಿದೆ.

ಅಪ್ಪ ಟೇಲರ್. ಬಸ್ ನಿಲ್ದಾಣದ ಪಕ್ಕದಲ್ಲಿ ಅಂಗಡಿ. ಅವನ ಕೊರಳಲ್ಲಿ ಯಾವಾಗಲೂ ಒಂದು ಹಳೆಯ ಟೇಪು, ಹಳದಿ ಹೋಗಿ ಚಹಾದ ಬಣ್ಣಕ್ಕೆ ತಿರುಗಿದ್ದು. ಬೆಟಗೇರಿಯಲ್ಲಿ ಅವನಿಗೆ ಹೊಲಿಗೆ ಕಲಿಸಿದ ಮಾಸ್ತರು ಅವನು ಸ್ವಂತ ಅಂಗಡಿ ಇಟ್ಟಾಗ ತಮ್ಮ ಕೊರಳಿನಿಂದ ತೆಗೆದು ಕೊಟ್ಟದ್ದಂತೆ. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಿದ್ದ. "ನನಗ ತಾಳಿ ಹೆಂಗೋ ನಿಮಗ ಟೇಪ್ ಹಂಗ" ಎಂದು ಅವ್ವ ಅನ್ನುತ್ತಿದ್ದಳು.

ಆ ಅಂಗಡಿಯ ಒಂದು ದೃಶ್ಯವನ್ನು ನಾನು ಗೆಳೆಯರ ಮುಂದೆ ಎಷ್ಟು ಸಲ ಮಾಡಿ ತೋರಿಸಿದ್ದೆನೋ ಲೆಕ್ಕವಿಲ್ಲ. ಪ್ರಾಥಮಿಕ ಶಾಲೆಯ ಮಾಸ್ತರೊಬ್ಬರು ಹೊಸ ಪ್ಯಾಂಟು ಹಿಡಿದು ಬರುತ್ತಾರೆ.

"ಟೇಲರ್, ಸೊಂಟದಾಗ ಬಿಗಿ ಹಿಡ್ಯಾಕತ್ತೈತ್ರಿ."

"ಅಳತಿ ಕೊಟ್ಟು ಎಷ್ಟ ದಿನ ಆತ್ರಿ?"

"ಹದಿನೈದು ದಿನ."

"ಹದಿನೈದು ದಿನದಾಗ ಎಷ್ಟ ಮದುವಿ ಊಟಾ ಉಂಡೀರಿ?"

ಮಾಸ್ತರು ಬೆರಳು ಮಡಚುತ್ತಾರೆ. ಶಿರಹಟ್ಟಿ ಒಂದು, ಬೆಳ್ಳಟ್ಟಿ ಒಂದು, ಊರಾಗಿನವು ಎರಡು.

"ನಾಕು" ಎನ್ನುತ್ತಾರೆ, ತಪ್ಪೊಪ್ಪಿಕೊಳ್ಳುವ ಹುಡುಗನ ಧ್ವನಿಯಲ್ಲಿ.

"ಮತ್ತ?"

ಅಷ್ಟೇ. ಮಾಸ್ತರು ಪ್ಯಾಂಟು ಮಡಚಿಕೊಂಡು ಹೊರಡುತ್ತಾರೆ. ನಮ್ಮ ಊರಿನಲ್ಲಿ ಬಟ್ಟೆ ಬಿಗಿಯಾದರೆ ಅದು ತೊಟ್ಟವನ ತಪ್ಪು, ಹೊಲಿದವನದಲ್ಲ. ಅಪ್ಪ ಇದನ್ನು ವರ್ಷಗಟ್ಟಲೆ ಹೇಳಿ ಹೇಳಿ ಊರಿಗೇ ನಂಬಿಸಿದ್ದ.

ಅಪ್ಪನಿಗೆ ನಾನು ಮಿಲ್ಟ್ರಿಗೆ ಹೋಗಬೇಕಿತ್ತು. ಅಂಗಡಿಯ ಗೋಡೆಗೆ, ದೇವರ ಫೋಟೋದಿಂದ ಒಂದು ಗೇಣು ದೂರದಲ್ಲಿ, ಒಂದು ಮೊಳೆ ಹೊಡೆದಿಟ್ಟಿದ್ದ. ಅದಕ್ಕೆ ಏನನ್ನೂ ತೂಗುಹಾಕಲು ಬಿಡುತ್ತಿರಲಿಲ್ಲ. ಕೇಳಿದವರಿಗೆ, "ಮಗ ಡ್ರೆಸ್ಸಿನ್ಯಾಗ ಫೋಟೋ ತೆಗಸ್ಕೊಂಡು ಬರತಾನಲ್ಲ, ಅದಕ್ಕ" ಅನ್ನುತ್ತಿದ್ದ. ಫೋಟೋ ಇಲ್ಲ, ಡ್ರೆಸ್ಸಿಲ್ಲ, ಮೊಳೆ ಮಾತ್ರ ತಯಾರು.

ಪರೀಕ್ಷೆ ಮುಗಿದ ಮರುದಿನವೇ ನನ್ನನ್ನು ಹೈಸ್ಕೂಲು ಮೈದಾನಕ್ಕೆ ಕಳಿಸಿದ. ಅಲ್ಲಿ ನಮ್ಮೂರಿನ ನಿವೃತ್ತ ಸುಬೇದಾರ ಸಾಹೇಬರು ಸೈನ್ಯಕ್ಕೆ ಹೋಗುವ ಹುಡುಗರನ್ನು ಬೆಳಗ್ಗೆ ಬೆಳಗ್ಗೆ ಓಡಿಸುತ್ತಿದ್ದರು. ಸಾಹೇಬರ ಧ್ವನಿಗೆ ಎರಡು ದಿನವೂ ಬೇಕಾಗಲಿಲ್ಲ, ಒಂದೇ ದಿನಕ್ಕೆ ನನಗೆ ಬಂದುಬಿಟ್ಟಿತು. ಒಮ್ಮೆ ಬೇವಿನ ಮರದ ಹಿಂದೆ ನಿಂತು "ಬೈಠ್ ಜಾವ್" ಎಂದೆ. ಹುಡುಗರೆಲ್ಲ ಕುಳಿತರು. ಸಾಹೇಬರೂ ಅರ್ಧ ಮೊಣಕಾಲು ಬಾಗಿಸಿ, ನಂತರ ಯಾರು ಕೂಗಿದರೆಂದು ಹುಡುಕಿದರು.

ಕಷ್ಟವೇನೆಂದರೆ ನಾನು ಚೆನ್ನಾಗಿ ಓಡುತ್ತಿದ್ದೆ. ಸುಮ್ಮನೆ ಹಿಂದೆ ಬಿದ್ದು ಫೇಲಾಗಬಹುದಿತ್ತು. ಆದರೆ ಮುಂದೆ ಯಾರಾದರೂ ಓಡುತ್ತಿದ್ದರೆ ಅವರಂತೆಯೇ ಕೈಕಾಲು ಬೀಸುತ್ತಾ ಹೋಗಿ ಅವರನ್ನೇ ದಾಟಿಬಿಡುವ ಚಟ ನನ್ನದು.

ನನಗೆ ಹೋಗಲು ಮನಸ್ಸಿರಲಿಲ್ಲ. ಹೆದರಿಕೆ ಎಂದರೆ ಹೆದರಿಕೆಯೂ ಸ್ವಲ್ಪ ಇತ್ತು. ಆದರೆ ನಿಜವಾದ ಕಾರಣ ಗದಗಿನಲ್ಲಿತ್ತು. ಪರೀಕ್ಷೆಗೂ ಮೊದಲಿನ ಚಳಿಗಾಲದಲ್ಲಿ ಅಲ್ಲಿಯ ಒಂದು ಡಿಗ್ರಿ ಕಾಲೇಜಿನವರು ಪಿಯು ಹುಡುಗರಿಗೆ ಮಿಮಿಕ್ರಿ ಸ್ಪರ್ಧೆ ಇಟ್ಟಿದ್ದರು. ನಾನು ವೇದಿಕೆ ಹತ್ತಿ ಕಂಡಕ್ಟರನ್ನೂ ಮಾಸ್ತರ ಪ್ಯಾಂಟಿನ ಪ್ರಸಂಗವನ್ನೂ ಮಾಡಿದೆ. ಸಭಾಂಗಣ ತುಂಬ ಜನ ನಕ್ಕರು, ನನ್ನನ್ನು ಹಿಂದೆಂದೂ ನೋಡದವರು, ಅಪ್ಪನ ಗಿರಾಕಿಗಳಲ್ಲದವರು. ಇಳಿದು ಬರುವಾಗ ಅಲ್ಲಿಯ ಲೆಕ್ಚರರ್ ಒಬ್ಬರು, "ಡಿಗ್ರಿಗೆ ಇಲ್ಲೇ ಬಾರಪಾ, ನಮ್ಮದು ನಾಟಕದ ತಂಡ ಐತಿ" ಎಂದರು. ಅಂದಿನಿಂದ ನಾನು ಮನಸ್ಸಿನಲ್ಲಿ ಬಿ.ಎ. ಓದುತ್ತಿದ್ದೆ. ಅಪ್ಪನಿಗೆ ಹೇಳುವುದೊಂದು ಬಾಕಿ ಇತ್ತು. ಅಲ್ಲಿ ಆ ಮೊಳೆ ನನ್ನನ್ನೇ ನೋಡುತ್ತಿತ್ತು.

ಹೀಗಿರುವಾಗ ಅರ್ಜಿ ತುಂಬಲು ಎತ್ತರ ಬೇಕೆಂದು ಅಪ್ಪ ನನ್ನನ್ನು ಅಂಗಡಿಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿದ. ನೆತ್ತಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಕೊರಳ ಟೇಪು ತೆಗೆದು ಅಳೆದ. ಮತ್ತೊಮ್ಮೆ ಅಳೆದ.

"ನೂರಾ ಅರವತ್ನಾಲ್ಕು" ಎಂದ.

ಬೇಕಾದದ್ದು ನೂರಾ ಅರವತ್ತಾರು ಸೆಂಟಿಮೀಟರ್.

ಆ ಕ್ಷಣದಲ್ಲಿ ನನ್ನೊಳಗೆ ಡೊಳ್ಳು ಬಾರಿಸಿದಂತಾಯಿತು. ಆದರೆ ಮುಖವನ್ನು ಇಳಿಬಿಟ್ಟೆ. ತುಟಿ ನಡುಗಿಸಿದೆ. ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದೆ. ಅವ್ವ ಬಂದು, "ಏಳೋ, ಎರಡ ರೊಟ್ಟಿ ತಿನ್ನು" ಎಂದಳು.

"ಬ್ಯಾಡವ್ವಾ. ದೇಶಸೇವಾ ಮಾಡಬೇಕಂದ್ರ ಎರಡು ಸೆಂಟಿಮೀಟರ್ ಅಡ್ಡ ಬಂತು."

ಅವ್ವ ಕಣ್ಣೊರೆಸಿಕೊಂಡಳು. ಅಂದು ನಾನು ಊಟ ಬಿಟ್ಟದ್ದು ಖರೆ. ಆದರೆ ಅದಕ್ಕೂ ಮೊದಲು ಬಸ್ ನಿಲ್ದಾಣದಲ್ಲಿ ಈರುಳ್ಳಿ ಬೆರೆಸಿದ ಚುರುಮುರಿ ಗಿರ್ಮಿಟ್ ಎರಡು ಪ್ಲೇಟು ತಿಂದಿದ್ದೆ. ಮರುದಿನ ನನ್ನ ದುಃಖಕ್ಕೆಂದೇ ಅವ್ವ ಬೆಲ್ಲ ಹಾಕಿ ಸಿಹಿ ಮಾದಲಿ ಮಾಡಿದಳು. ಸಂಕಟದಲ್ಲಿರುವವನು ತಿನ್ನಬೇಕಾದಷ್ಟು ನಿಧಾನವಾಗಿ ಮೂರು ಸಲ ಹಾಕಿಸಿಕೊಂಡೆ.

ಅಪ್ಪ ಮಾತ್ರ ಅಳಲಿಲ್ಲ. "ಅರ್ಜಿಗೆ ಇನ್ನ ಮೂರ ವಾರ ಐತಿ. ಜೋತು ಬೀಳು" ಎಂದ.

"ಎಲ್ಲೆ?"

"ಸಾಲಿ ಮೈದಾನದಾಗ ಕಬ್ಬಿಣದ ಬಾರ್ ಐತೆಲ್ಲ, ಅದಕ್ಕ. ಹುಡುಗರು ಜೋತು ಬಿದ್ದು ಬೆಳದಾರಂತ."

ಮೂರು ವಾರ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಜೋತುಬಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಒಬ್ಬ ಮುದುಕಿ, "ಯಾರ ಹುಡುಗನವ್ವಾ, ಒಣಾಕ ಹಾಕ್ಯಾರ" ಎಂದು ಪಕ್ಕದವಳನ್ನು ಕೇಳಿದಳು. ಪ್ರತಿ ರವಿವಾರ ಅಪ್ಪ ಅಳೆಯುತ್ತಿದ್ದ.

"ಬೆಳಿಯಾಕತ್ತಿಲ್ಲಲೇ ನೀ."

"ನನ್ನ ಕಡಿಂದ ಏನೂ ಕಮ್ಮಿ ಮಾಡಿಲ್ಲಪ್ಪಾ."

ಆಗ ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ. ಏನೋ ಕಾಯುವವನ ಹಾಗೆ. ಅದು ನನಗೆ ಆಗ ಹೊಳೆಯಲಿಲ್ಲ.

ಅರ್ಜಿಯ ಕೊನೆಯ ದಿನಕ್ಕೆ ಒಂದು ದಿನ ಉಳಿದಿತ್ತು. ನಾನು ಮನಸ್ಸಿನಲ್ಲೇ ಗದಗಿನ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದಿದ್ದೆ. ಅಂಗಡಿಯಲ್ಲಿ ಅಪ್ಪ, ನಾನು, ಬೆಂಚಿನ ಮೇಲೆ ಅದೇ ಶಾಲೆಯ ಮಾಸ್ತರು ಮತ್ತೊಂದು ಪ್ಯಾಂಟಿನೊಂದಿಗೆ. ಸುಬೇದಾರ ಸಾಹೇಬರು ಒಳಗೆ ಬಂದರು. ಅಪ್ಪನೇ ಹೊಲಿದ ಹೊಸ ಪ್ಯಾಂಟನ್ನು ಮೇಜಿನ ಮೇಲೆ ಇಟ್ಟರು.

"ಸೊಂಟ ಬಿಗಿ ಐತಿ."

ಅಪ್ಪ ತಲೆ ಎತ್ತದೆ, "ಮದುವಿ ಸೀಜನ್ ನೋಡ್ರಿ ಸಾಹೇಬ್ರ" ಎಂದ.

"ಮದುವಿಗೆ ಹೋಗತೇನಿ. ಅಕ್ಕಿಕಾಳು ಹಾಕತೇನಿ. ಬರತೇನಿ. ಊಟಾ ಮನ್ಯಾಗ, ಎರಡ ರೊಟ್ಟಿ. ರಿಟೈರ್ ಆದ ದಿನ ನನ್ನ ಸೊಂಟ ಮೂವತ್ನಾಲ್ಕು. ಇವತ್ತೂ ಮೂವತ್ನಾಲ್ಕು."

ಅಪ್ಪ ಎದ್ದು ಅವರ ಸೊಂಟಕ್ಕೆ ಟೇಪು ಸುತ್ತಿದ. ಮುಖ ಅರಳಿತು. "ಮೂವತ್ಮೂರೂ ಕಾಲು. ನೋಡ್ರಿ, ತೆಳ್ಳಗ ಆಗೀರಿ ನೀವು."

"ತೆಳ್ಳಗ ಆದ್ರ ಪ್ಯಾಂಟ್ ಸಡಲಾಗಬೇಕು. ಬಿಗಿ ಯಾಕಾತು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅಪ್ಪನಿಗೆ ಯಾರೂ ಹಾಕಿರಲಿಲ್ಲ. ಅವನು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಸಾಹೇಬರು ಕೈ ಚಾಚಿ ಅವನ ಕೊರಳಿನಿಂದ ಟೇಪು ತೆಗೆದುಕೊಂಡರು. ಬಟ್ಟೆಗೆ ಗುರುತು ಹಾಕುವ ಕಬ್ಬಿಣದ ಪಟ್ಟಿಯ ಪಕ್ಕದಲ್ಲಿ ಅದನ್ನು ಚಾಚಿ ಇಟ್ಟರು. ಪಟ್ಟಿ ಇಪ್ಪತ್ನಾಲ್ಕು ಇಂಚಿಗೆ ಮುಗಿಯುತ್ತದೆ. ಅದು ಮುಗಿದ ಜಾಗದಲ್ಲಿ ಟೇಪು ಇನ್ನೂ ಇಪ್ಪತ್ಮೂರೂವರೆ ಎನ್ನುತ್ತಿತ್ತು.

ಟೇಪು ಹಿಗ್ಗಿತ್ತು. ಬೆಟಗೇರಿಯ ಮಾಸ್ತರ ಕೊರಳಲ್ಲಿ ಅಷ್ಟು ವರ್ಷ, ಅಪ್ಪನ ಕೊರಳಲ್ಲಿ ಇಷ್ಟು ವರ್ಷ ಎಳೆಸಿಕೊಂಡು ಎಳೆಸಿಕೊಂಡು ಹಿಗ್ಗಿತ್ತು. ಮೈಯನ್ನು ಅಳೆಯುವುದು ಹಿಗ್ಗಿದ ಟೇಪಿನಿಂದ, ಆಗ ಅಳತೆ ಕಮ್ಮಿ ಬರುತ್ತದೆ. ಬಟ್ಟೆ ಕತ್ತರಿಸುವುದು ಕಬ್ಬಿಣದ ಪಟ್ಟಿಯಿಂದ, ಅದು ಹಿಗ್ಗುವುದಿಲ್ಲ. ಹೀಗೆ ನಮ್ಮ ಊರಿನ ಗಂಡಸರು ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಬದುಕಿದ್ದರು.

ಬೆಂಚಿನ ಮೇಲಿದ್ದ ಮಾಸ್ತರು ಮೆಲ್ಲಗೆ ಎದ್ದು ನಿಂತರು. "ಹಂಗಾರ ಟೇಲರ್, ನಾ ಎರಡು ವರ್ಷದಿಂದ ರಾತ್ರಿ ಊಟಾ ಬಿಟ್ಟೇನಲ್ಲ?"

ಅಪ್ಪ ಅವರ ಕೈಯಲ್ಲಿದ್ದ ಪ್ಯಾಂಟನ್ನು ತಾನೇ ಇಸಿದುಕೊಂಡ.

ನಾನು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಸಾಹೇಬರು ನನ್ನ ಕಡೆ ತಿರುಗಿದರು. "ಲೇ, ನಿಲ್ಲು. ನೀ ಅರವತ್ನಾಲ್ಕು ಅಂದಿದ್ದು ಇದ ಟೇಪಿಂದೇನು?"

ಚೌಕಟ್ಟಿಗೆ ನಿಲ್ಲಿಸಿದರು. ನಾನು ಮೆಲ್ಲಗೆ ಮೊಣಕಾಲು ಮಡಚಿದೆ. ಅವರು ತಮ್ಮ ಮೊಣಕಾಲಿನಿಂದ ನನ್ನದಕ್ಕೆ ಒಂದು ಕೊಟ್ಟರು, ಅದು ತಾನಾಗಿ ನೆಟ್ಟಗಾಯಿತು. ಕಬ್ಬಿಣದ ಪಟ್ಟಿಯ ಸೆಂಟಿಮೀಟರ್ ಮಗ್ಗುಲನ್ನು ಕೆಳಗಿನಿಂದ ಏರಿಸುತ್ತಾ ಎಣಿಸಿದರು: ಅರವತ್ತು, ಮತ್ತೆ ಅರವತ್ತು, ಮೇಲೆ ನಲವತ್ತೇಳು.

"ನೂರಾ ಅರವತ್ತೇಳು. ಶಾಬಾಶ್. ನಾಳೆ ಕೊನೀ ದಿನ, ಅರ್ಜಿ ತುಂಬು." ನನ್ನ ಕೈಯನ್ನು ಹಿಡಿದು ಕುಲುಕಿದರು. ಆ ಕುಲುಕಿಗೆ ಗದಗಿನ ಬಸ್ಸಿನ ಕಿಟಕಿ ಸೀಟಿನಿಂದ ನಾನು ನೇರ ಕೆಳಗೆ ಬಿದ್ದೆ.

ಅಪ್ಪ ಕುಣಿಯುತ್ತಾನೆ ಎಂದುಕೊಂಡೆ. ಅವನು ಟೇಪನ್ನೇ ನೋಡುತ್ತಾ ಕುಳಿತಿದ್ದ. ಆಮೇಲೆ ಅಂಗಡಿಯ ಅರ್ಧ ಬಾಗಿಲು ಮುಚ್ಚಿ, ನನಗೂ ಹೇಳದೆ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ನಾಲ್ಕು ಗಂಟೆಗೆ ಮರಳಿದಾಗ ಕೈಯಲ್ಲಿ ಹೊಸ ಟೇಪಿತ್ತು. ಪ್ಲಾಸ್ಟಿಕ್ ಚೀಲ ಹರಿದು ಅದನ್ನು ಮೊದಲು ಕಬ್ಬಿಣದ ಪಟ್ಟಿಗೆ ಹಿಡಿದು ನೋಡಿದ. ನಂತರ ಚಪ್ಪಲಿ ಬಿಟ್ಟು ತಾನೇ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತ.

"ನನ್ನ ಅಳಿ."

"ನಿನ್ನ್ಯಾಕ?"

"ಅಳಿಯಂದ್ರ ಅಳಿ."

ನಾನು ನೆತ್ತಿಯ ಮೇಲೆ ಗೆರೆ ಎಳೆಯುವಾಗ ಅವನು ಎದುರಿನ ಗೋಡೆಗೆ ಮಾತಾಡುವವನಂತೆ ಹೇಳಿದ. "ನಾ ಬೆಟಗೇರ್ಯಾಗ ಕೆಲಸ ಕಲಿಯಾಕತ್ತಾಗ ಗದಗಿನ್ಯಾಗ ಮಿಲ್ಟ್ರಿ ಭರ್ತಿ ಬಂದಿತ್ತು. ಆಗೂ ಅರವತ್ತಾರ ಬೇಕಂತಿದ್ರು. ಮಾಸ್ತರ್ ಕೊಳ್ಳಾಗಿನ ಇದ ಟೇಪ್ ಹಿಡದು ಅಳಕೊಂಡೆ. ಅರವತ್ನಾಲ್ಕು ಬಂತು. ಸಾಲಿನ್ಯಾಗ ನಿಂದ್ರಾಕ ಹೋಗಲೇ ಇಲ್ಲ."

ನಾನು ಗೆರೆಗೆ ಹೊಸ ಟೇಪು ಹಿಡಿದೆ. ನೂರಾ ಅರವತ್ತಾರೂವರೆ. ಇನ್ನೊಮ್ಮೆ ಹಿಡಿದೆ. ಅಷ್ಟೇ.

"ಎಷ್ಟು?"

"ಅರವತ್ನಾಲ್ಕು" ಎಂದೆ. "ನಿನ್ನ ವಿಷಯದಾಗ ಟೇಪ್ ತಪ್ಪಿಲ್ಲ ಬಿಡಪ್ಪಾ."

ಅಪ್ಪ ತಿರುಗಿ ನೋಡಿದ. "ನಿನ್ನ ಬಾಯಾಗ ಮಂದಿ ಧ್ವನಿ ಬಂದ್ರ ನಂಬತೇನಿ. ಮಂದಿ ಅಳತಿ ಬಂದ್ರ ನಂಬಂಗಿಲ್ಲ. ನಿನ್ನ ಗೆರಿ ಬಾಜೂಕ ನನ್ನ ಗೆರಿ ನನಗೂ ಕಾಣತೈತಿ."

ನಾನು ನಿಜ ಹೇಳಿದೆ. ಅವನು ತಲೆಯಾಡಿಸಿದ. ಈ ಮನುಷ್ಯನ ಆಸೆ ಒಂದು ಹಳೆಯ ಟೇಪಿನಿಂದಾಗಿ ಕೆಟ್ಟಿತು, ಅದಕ್ಕೇ ಆ ಮೊಳೆ. ಇನ್ನು ನಾನು ಬಾಯಿ ಬಿಡುವಂತಿಲ್ಲ, ಅರ್ಜಿ ತುಂಬುವುದೇ ಎಂದುಕೊಂಡೆ.

"ಭಾಳ ಅತ್ತಿಯೇನು ಅವತ್ತ?" ಎಂದು ಕೇಳಿದೆ.

"ಮನಿಗೆ ಹೋಗಿ ನಮ್ಮಪ್ಪಗ, ನಿಮ್ಮ ಮುತ್ಯಾಗ, ಹೇಳಿದೆ. ಮಿಲ್ಟ್ರಿ ಹುಚ್ಚು ಅವಂದು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದೆ. ಒಂದು ಹೊತ್ತು ಊಟಾ ಬಿಟ್ಟೆ."

ಎಲ್ಲೋ ನೋಡಿದ ಆಟದಂತಿತ್ತು. "ಹೊರಗ ಏನ ತಿಂದಿದ್ದಿ?"

"ಮಿರ್ಚಿ ಭಜಿ" ಎಂದ ಅಪ್ಪ.

ಅವನು ಚೌಕಟ್ಟು ಬಿಟ್ಟು ಬಂದು ಚಪ್ಪಲಿ ಮೆಟ್ಟಿಕೊಂಡ.

"ಅದಕ್ಕ ನಿನ್ನ ಬಾಯಾಗ ಗಿರ್ಮಿಟ್ ನಾತ ಬಂದಾಗ ನಾ ಏನೂ ಅನ್ನಲಿಲ್ಲ."

"ಗೊತ್ತಿದ್ರ ಮತ್ತ ಮೂರ ವಾರ ಜೋತಾಡಿಸಿದಿ ಯಾಕ?"

"ಬಾಯಿ ಬಿಡತೀಯೇನೋ ಅಂತ. ಕೈ ನೊಂದ್ರ ಹೇಳತಾನ ಅನ್ಕೊಂಡೆ. ನಿಂದು ಭಾಳ ಗಟ್ಟಿ ಕೈಲೇ." ಹಳೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡ. "ಟೇಪ್ ಕಮ್ಮಿ ತೋರಿಸಿತು, ಹೋಗಲಿಲ್ಲ ಅಂತ ಇಷ್ಟು ವರ್ಷ ಆರಾಮ ಹೇಳಕೊಂತ ಬಂದೆ. ಇವತ್ತ ನೋಡಿದ್ರ ಎತ್ತರ ಇತ್ತು, ಮನಸಿಲ್ದ ನಾನ ಹೋಗಿಲ್ಲ. ಈಗ ಹೇಳು, ನಿನಗ ಮನಸ ಐತೋ ಇಲ್ಲೋ?"

ನಾನು ಎದೆ ಸೆಟೆಸಿ ಸುಬೇದಾರ ಸಾಹೇಬರ ಧ್ವನಿಯಲ್ಲಿ, "ಹುಡುಗಗ ಮನಸಿಲ್ಲ ಟೇಲರ್" ಎಂದೆ.

"ಸಾಹೇಬ್ರನ್ನ ನಾ ಕೇಳಿಲ್ಲ."

ಅವ್ವನ ಧ್ವನಿ ತೆಗೆಯೋಣ ಎನಿಸಿತು. ಅವನ ಮುಖ ನೋಡಿ ಬಿಟ್ಟೆ. ಕೊನೆಗೆ ಆ ಕುಕ್ಕರಿನ ಧ್ವನಿಯಲ್ಲೇ ಹೇಳಿದೆ, ಅರ್ಧದಲ್ಲಿ ಅದು ಸಿಳ್ಳೂ ಹಾಕಿತು. ಮನಸ್ಸಿಲ್ಲ, ಗದಗಿನ ಕಾಲೇಜಿಗೆ ಹೋಗುತ್ತೇನೆ, ಬಿ.ಎ. ಓದುತ್ತೇನೆ, ಅಲ್ಲಿ ನಾಟಕ ಮಾಡಿಸುತ್ತಾರೆ, ನಿನ್ನದನ್ನು ಮಾಡಿದಾಗ ಜನ ಭಾಳ ನಕ್ಕರು.

"ನಂದು ಏನ ಮಾಡಿದಿ?"

ಮದುವೆ ಊಟದ ಪ್ರಸಂಗ ಮಾಡಿ ತೋರಿಸಿದೆ. ಅಪ್ಪ ನಗಲಿಲ್ಲ. "ನಾ 'ಮತ್ತ' ಅನ್ನುವಾಗ ಕತ್ತರಿ ಕೆಳಗಿಡತೇನಿ. ಅದನ್ನ ಬಿಟ್ಟಿ" ಎಂದ. ಆಮೇಲೆ ಗೋಡೆಯ ಕಡೆ ಹೋಗಿ ಮೊಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ. "ಆಸೆ ಇತ್ತು, ಖರೆ" ಎಂದಷ್ಟೇ ಹೇಳಿ, ಹಳೆಯ ಟೇಪನ್ನು ಅದಕ್ಕೆ ತೂಗುಹಾಕಿದ.

ಸಾಹೇಬರಿಗೆ ಮಾತ್ರ ನಾನೇ ಹೋಗಿ ಹೇಳಬೇಕೆಂದ. ಮರುದಿನ ಬೆಳಗ್ಗೆ, ಹೊಲಿಗೆ ಬಿಚ್ಚಿ ಸೊಂಟ ಸಡಿಲಿಸಿದ ಅವರ ಪ್ಯಾಂಟು ಹಿಡಿದು ಮೈದಾನಕ್ಕೆ ಹೋದೆ.

"ಅರ್ಜಿ ತುಂಬಂಗಿಲ್ರಿ ಸಾಹೇಬ್ರ."

"ಕಾರಣ?"

"ಮನಸಿಲ್ರಿ."

ಅವರು ಪ್ಯಾಂಟಿನ ಸೊಂಟವನ್ನು ಎಳೆದು ನೋಡಿದರು. "ಮನಸಿಲ್ಲದವ್ರನ್ನ ಕಳಿಸಿದ್ರ ಅಲ್ಲಿ ಬಾಜೂದವ್ರಿಗೆ ತ್ರಾಸ. ಹೋಗು. ಹೋಗೂ ಮುಂಚೆ ನಾಕು ರೌಂಡ್ ಹೊಡಿ. ಮೊನ್ನೆ ಬೇವಿನ ಗಿಡದ ಹಿಂದಿಂದ 'ಬೈಠ್ ಜಾವ್' ಅಂದಿದ್ದಕ್ಕ."

ಓಡಿದೆ. ಮೂರನೆಯ ರೌಂಡಿನಲ್ಲಿ ಇಡೀ ಸಾಲನ್ನು ದಾಟಿದೆ. ಹಿಂದಿನಿಂದ ಸಾಹೇಬರು, "ಇವನ ಮನಸಿಗೆ ಬ್ಯಾನಿ, ಕಾಲಿಗಲ್ಲ" ಎನ್ನುವುದು ಕೇಳಿಸಿತು. ಆ ಮಾತನ್ನೂ ಸಂಜೆಯೊಳಗೆ ಅವರ ಧ್ವನಿಯಲ್ಲಿ ಕಲಿತೆ.

ಫಲಿತಾಂಶ ಬಂದು ಕಾಲೇಜು ಶುರುವಾಗುವವರೆಗೂ ಅಂಗಡಿಯಲ್ಲಿ ಕುಳಿತು ನಾನು ಊರಿನ ಪ್ಯಾಂಟುಗಳ ಹೊಲಿಗೆ ಬಿಚ್ಚಿದೆ. ಅಪ್ಪ ಒಳಮಡಿಕೆಯಲ್ಲಿ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದು ಮತ್ತೆ ಹೊಲಿದ. ಮಾಸ್ತರಿಗೆ ಮೊದಲು. ಅವರು ಅಂದೇ ರಾತ್ರಿ ಊಟ ಶುರುಮಾಡಿದರು. ಎರಡು ವರ್ಷದ್ದನ್ನು ತೀರಿಸುವವರಂತೆ ಉಂಡು ಮುಂದಿನ ತಿಂಗಳು ಪ್ಯಾಂಟು ಮತ್ತೆ ಬಿಗಿಯೆಂದು ಬಂದರು. ಅಪ್ಪ ಕತ್ತರಿ ಕೆಳಗಿಟ್ಟ. ಆದರೆ 'ಮತ್ತ' ಅನ್ನಲಿಲ್ಲ, ಹೊಸ ಟೇಪನ್ನು ಅನುಮಾನದಿಂದ ಒಮ್ಮೆ ಎಳೆದು ನೋಡಿದ.

ಈಗ ಅವನಿಗೆ ಯಾವ ಅಳತೆಯ ಮೇಲೂ ನಂಬಿಕೆಯಿಲ್ಲ. ಎಲ್ಲದಕ್ಕೂ ಒಂದು ಇಂಚು ಸೇರಿಸುತ್ತಾನೆ. ನನ್ನ ಕಾಲೇಜಿನ ಪ್ಯಾಂಟಿಗೆ ಎರಡು ಸೇರಿಸಿದ. "ಇನ್ನ ಬೆಳಿತಿ" ಎಂದ. ಗದಗಿನ ಬಸ್ಸಿನಲ್ಲಿ ಎಂದೂ ಸೀಟು ಸಿಗುವುದಿಲ್ಲ. ಒಂದು ಕೈಯಿಂದ ಮೇಲಿನ ಸರಳು, ಇನ್ನೊಂದರಿಂದ ಪ್ಯಾಂಟು ಹಿಡಿದುಕೊಂಡು ಜೋತಾಡುತ್ತಾ ನಾನು ಬಿ.ಎ. ಮಾಡುತ್ತಿದ್ದೇನೆ. ಕಂಡಕ್ಟರ್ ಪಾಸು ಕೇಳಿದಾಗ ಯಾವ ಕೈ ಬಿಡಬೇಕೆಂಬುದೇ ದಿನಾ ಬೆಳಗಿನ ಪ್ರಶ್ನೆ.